ವ್ಯಾಕ್ಸ್ ಹಚ್ಚಿದ ಕಾರು: ಕೊಳೆ ಹೋಗಬೇಕು, ಹೊಳಪು ಉಳಿಯಬೇಕು

ಕಾರು ತೊಳೆಯುವ ಬಗ್ಗೆ ಬಂದ ಕಾಗದಗಳನ್ನೆಲ್ಲ ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಮಾಡಿದ್ದೇವೆ.

ಪ್ರಶ್ನೆ: ಮೂರು ತಿಂಗಳ ಹಿಂದೆ ಕಾರಿಗೆ ವ್ಯಾಕ್ಸ್ ಮಾಡಿಸಿದೆ. ಆರು ತಿಂಗಳು ಬಾಳುತ್ತದೆ ಎಂದಿದ್ದರು. ಈಗಲೇ ನೀರು ಮುತ್ತಿನಂತೆ ಹನಿಗಟ್ಟುವುದು ನಿಂತುಹೋಗಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವವರು ಬಟ್ಟೆ ಒಗೆಯುವ ಪೌಡರ್ ಬಳಸುತ್ತಾರೆ. ತಪ್ಪು ಅಂಗಡಿಯವರದೋ, ಪೌಡರಿನದೋ?
– ವಿಜಯನಗರ, ಬೆಂಗಳೂರು

ಉತ್ತರ: ಪೌಡರಿನದೇ ಹೆಚ್ಚು. ವ್ಯಾಕ್ಸ್ ಎಂದರೂ ಒಂದು ಬಗೆಯ ಜಿಡ್ಡೇ ತಾನೆ. ಜಿಡ್ಡು ತೆಗೆಯಲೆಂದೇ ಮಾಡಿದ ಪುಡಿಗೆ ಬೇಕಾದ ಜಿಡ್ಡು ಯಾವುದು, ಬೇಡದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಬಟ್ಟೆ ಪೌಡರಿನಲ್ಲಿ ವಾಷಿಂಗ್ ಸೋಡಾ ಇರುತ್ತದೆ. ನೀರಿಗೆ ಹಾಕಿದರೆ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 10ರ ಮೇಲೆ ಹೋಗುತ್ತದೆ. ಕಾರಿನ ಶಾಂಪೂ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ 7ರ ಆಸುಪಾಸಿನಲ್ಲಿರಬೇಕು. ಸಾಲದ್ದಕ್ಕೆ, ಪೂರ್ತಿ ಕರಗದ ಪೌಡರಿನ ಕಾಳುಗಳು ಬಟ್ಟೆಗೆ ಸಿಕ್ಕಿಕೊಂಡು ಪೇಂಟಿನ ಮೇಲೆ ಗೀರು ಹಾಕುತ್ತವೆ. ಬಿಸಿಲಿನಲ್ಲಿ ಕಪ್ಪು ಕಾರಿನ ಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತು ಗೀರುಗಳು ಹೆಚ್ಚಾಗಿ ಹೀಗೇ ಬಂದವು.

ಅಂಗಡಿಯವರ ಮಾತನ್ನೂ ಒಂದಿಷ್ಟು ಸೋಸಿ ಕೇಳಬೇಕು. ಕಾರ್ನಾಬಾ ವ್ಯಾಕ್ಸ್ ಎಂದು ಮಾರುವುದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆದ ಮೇಣ. ಶುದ್ಧ ಕಾರ್ನಾಬಾ ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಡಬ್ಬಿಯಲ್ಲಿ ಬರುವಾಗ ಎಣ್ಣೆ, ದ್ರಾವಕಗಳನ್ನು ಬೆರೆಸಿ ಮೆದು ಮಾಡಿರುತ್ತಾರೆ. ಬಯಲಲ್ಲಿ ನಿಲ್ಲುವ ಕಾರಿನ ಮೇಲೆ ಇಲ್ಲಿಯ ಬಿಸಿಲಿಗೆ ಅದು ಒಂದೂವರೆ, ಎರಡು ತಿಂಗಳು ಬಂದರೆ ಚೆನ್ನಾಗಿಯೇ ಬಂತು. ಮೇಣದ ಬದಲು ಹಚ್ಚುವ ಕೃತಕ ಲೇಪ, ಅಂದರೆ ಸಿಂಥೆಟಿಕ್ ಸೀಲೆಂಟ್ ಆದರೆ ನಾಲ್ಕರಿಂದ ಆರು ತಿಂಗಳು. ನಿಮಗೆ ಹಚ್ಚಿದ್ದು ಯಾವುದು ಎಂದು ಬಿಲ್ಲಿನಲ್ಲಿ ಬರೆದಿದೆಯೇ ನೋಡಿ.

ಮತ್ತೆ ವ್ಯಾಕ್ಸ್ ಮಾಡಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಹನಿಗಟ್ಟುವುದು ನಿಂತಿತು ಅಂದಮಾತ್ರಕ್ಕೆ ವ್ಯಾಕ್ಸ್ ಹೋಗಿದೆ ಎಂದಲ್ಲ. ಅದರ ಮೇಲೆ ವಾಹನದ ಹೊಗೆ, ಧೂಳು, ಸೋಪಿನ ಉಳಿಕೆ ಸೇರಿ ತೆಳು ಪದರ ಕಟ್ಟಿಕೊಂಡರೂ ನೀರು ಹರಡಿಕೊಳ್ಳುತ್ತದೆ. ಒಳ್ಳೆಯ ಕಾರ್ ಶಾಂಪೂವಿನಲ್ಲಿ ಸರಿಯಾಗಿ ತೊಳೆದು, ಸೋಪು ಪೂರ್ತಿ ಹೋಗುವ ತನಕ ನೀರು ಬಿಟ್ಟು, ಆಮೇಲೆ ಬಾನೆಟ್ ಮೇಲೆ ಒಂದು ಮಗ್ ನೀರು ಹಾಕಿ. ಹನಿಗಳಾಗಿ ಬಿಡಿಬಿಡಿಯಾಗಿ ಓಡಿದರೆ ವ್ಯಾಕ್ಸ್ ಇದೆ. ಒದ್ದೆ ಬಟ್ಟೆ ಹಾಸಿದಂತೆ ಚಪ್ಪಟೆಯಾಗಿ ನಿಂತರೆ ಹೋಗಿದೆ. ರೂಫ್‌ನಲ್ಲಿ ಮೊದಲು ಹೋಗುತ್ತದೆ, ಡೋರಿನಲ್ಲಿ ಕಡೆಗೆ. ಹಾಗಾಗಿ ಎರಡೂ ಕಡೆ ನೋಡಿ.

ಪ್ರಶ್ನೆ: ಪಾತ್ರೆ ತೊಳೆಯುವ ಲಿಕ್ವಿಡ್ ಮೆತ್ತಗಿರುತ್ತದಲ್ಲ, ಕೈಗೂ ಏನೂ ಆಗುವುದಿಲ್ಲ. ಅದನ್ನು ಬಳಸಬಹುದೇ? ತಲೆಗೆ ಹಾಕುವ ಶಾಂಪೂ?
– ದಾವಣಗೆರೆ

ಉತ್ತರ: ಪಾತ್ರೆ ಲಿಕ್ವಿಡ್‌ನ ಪಿಎಚ್ ಅಷ್ಟೇನೂ ಹೆಚ್ಚಿರುವುದಿಲ್ಲ, ನಿಜ. ಆದರೆ ಪಿಎಚ್ ಒಂದನ್ನೇ ನೋಡಿ ಸೋಪನ್ನು ಅಳೆಯಲಾಗದು. ಬಾಣಲೆಯ ಎಣ್ಣೆಯನ್ನು ಎರಡೇ ಉಜ್ಜಿಗೆ ಬಿಡಿಸುವ ಶಕ್ತಿ ಅದಕ್ಕೆ ಬರುವುದು ಜಿಡ್ಡನ್ನು ಬಿಡಿಸಿ ನೀರಿಗೆ ಸೇರಿಸುವ ಸರ್ಫ್ಯಾಕ್ಟೆಂಟ್ ಎಂಬ ಪದಾರ್ಥಗಳಿಂದ. ಒಂದು ಸಲಕ್ಕೆ ಒಳ್ಳೆಯ ವ್ಯಾಕ್ಸ್ ಪೂರ್ತಿ ಹೋಗುವುದಿಲ್ಲ. ವಾರ ವಾರ ಬಳಸಿದರೆ ಸವೆದು ಹೋಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್ ಭಾಗಗಳೂ ಒಣಗಿ ಬೂದು ಬಣ್ಣಕ್ಕೆ ತಿರುಗುತ್ತವೆ. ಇನ್ನೊಂದು ಕೊರತೆ ಎಂದರೆ ಜಾರು. ಕಾರಿನ ಶಾಂಪೂವಿನಲ್ಲಿ ಮರಳಿನ ಕಣ ಪೇಂಟಿಗೆ ತಾಗದೆ ಜಾರಿಹೋಗಲೆಂದು ಬೇರೆ ಪದಾರ್ಥ ಹಾಕಿರುತ್ತಾರೆ, ಪಾತ್ರೆ ಲಿಕ್ವಿಡ್‌ನಲ್ಲಿ ಅದಿಲ್ಲ. ಹಳೆಯ ವ್ಯಾಕ್ಸ್ ತೆಗೆದು ಹೊಸದು ಹಚ್ಚುವ ದಿನ ಬೇಕಾದರೆ ಬಳಸಿ.

ತಲೆಯ ಶಾಂಪೂ ವ್ಯಾಕ್ಸಿಗೆ ಅಷ್ಟು ಹಾನಿ ಮಾಡದು. ಆದರೆ ಕೂದಲಿಗೆಂದು ಹಾಕಿದ ಕಂಡಿಷನರ್ ಪೇಂಟಿನ ಮೇಲೆ ಮಬ್ಬು ಪದರವಾಗಿ ಉಳಿಯುತ್ತದೆ. ದೂರದ ಊರಲ್ಲಿ ಬೇರೇನೂ ಸಿಗದಿದ್ದರೆ ಒಂದು ಸಲಕ್ಕೆ ನಡೆಯುತ್ತದೆ, ಅಷ್ಟೆ. ಸೀಮೆಎಣ್ಣೆ, ಡೀಸೆಲ್ ಒರೆಸಿ ಹೊಳಪು ತರುವವರೂ ಇದ್ದಾರೆ. ಅದು ವ್ಯಾಕ್ಸನ್ನು ಕರಗಿಸಿ, ತಾನು ಎರಡು ದಿನ ಹೊಳೆದು, ಆಮೇಲೆ ಊರಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಮನೆಯಲ್ಲೇ ತೊಳೆಯುವ ಸರಿಯಾದ ಕ್ರಮವನ್ನು ಅಳತೆ ಸಮೇತ ತಿಳಿಸಿ.
– ಹುಬ್ಬಳ್ಳಿ, ಶಿವಮೊಗ್ಗ, ತುಮಕೂರಿನ ಓದುಗರು

ಉತ್ತರ: ಬೇಕಾದ ಸಾಮಾನು ಹೆಚ್ಚೇನಿಲ್ಲ. 15ರಿಂದ 20 ಲೀಟರಿನ ಎರಡು ಬಕೆಟ್, ಚಕ್ರಕ್ಕೆಂದೇ ಹಳೆಯದೊಂದು ಬಕೆಟ್, ಕೈಗೆ ಹಾಕಿಕೊಳ್ಳುವ ಮೈಕ್ರೋಫೈಬರ್ ಗ್ಲೌಸ್, ಒರೆಸಲು ದಪ್ಪನೆಯ ಎರಡು ಮೈಕ್ರೋಫೈಬರ್ ಟವೆಲ್, ಪಿಎಚ್ ನ್ಯೂಟ್ರಲ್ ಎಂದು ಬರೆದಿರುವ ಕಾರ್ ಶಾಂಪೂ. ಬಕೆಟ್ಟಿನ ತಳದಲ್ಲಿ ಕೂರುವ ಗ್ರಿಟ್ ಗಾರ್ಡ್ ಎಂಬ ಜಾಲರಿ ಸಿಕ್ಕರೆ ತೆಗೆದುಕೊಳ್ಳಿ. ಗ್ಲೌಸಿನಿಂದ ಬಿದ್ದ ಮರಳು ಅದರ ಕೆಳಗೆ ಉಳಿಯುತ್ತದೆ, ಮತ್ತೆ ಮೇಲೆ ಏಳುವುದಿಲ್ಲ. ಸ್ಪಂಜು ಬೇಡ. ಅದರ ಮೈ ಚಪ್ಪಟೆ. ಮರಳಿಗೆ ಒಳಗೆ ಹೋಗಲು ಜಾಗವಿಲ್ಲದೆ ಪೇಂಟಿನ ಮೇಲೇ ಉರುಳುತ್ತದೆ. ಗ್ಲೌಸಿನ ಉದ್ದ ಎಳೆಗಳ ನಡುವೆ ಸೇರಿಕೊಂಡ ಮರಳು ಪೇಂಟಿನಿಂದ ದೂರವಿರುತ್ತದೆ.

ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ, ನೆರಳಲ್ಲಿ ತೊಳೆಯಿರಿ. ಓಡಿಸಿ ತಂದ ಕಾರಾದರೆ ಬಾನೆಟ್ ಮುಟ್ಟಿದರೆ ತಣ್ಣಗಿರುವ ತನಕ ಕಾಯಿರಿ.

ಮೊದಲು ಚಕ್ರ. ಅಲ್ಲಿನ ಕಪ್ಪು ಪುಡಿ ಬ್ರೇಕಿನಿಂದ ಉದುರಿದ್ದು, ಅದರಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಚಕ್ರದ ಬಟ್ಟೆ, ಬ್ರಷ್, ಬಕೆಟ್ ಯಾವುದೂ ಮೈ ತೊಳೆಯುವ ಕೆಲಸಕ್ಕೆ ಬರಬಾರದು. ಆಮೇಲೆ ರೂಫಿನಿಂದ ಕೆಳಕ್ಕೆ ಬರೀ ನೀರು ಬಿಡಿ. ಮಣ್ಣು ನೆನೆಯಲು ಎರಡು ಮೂರು ನಿಮಿಷ ಕೊಟ್ಟು ಇನ್ನೊಮ್ಮೆ ಬಿಡಿ. ಸಡಿಲವಾದ ಧೂಳೆಲ್ಲ ಇಲ್ಲೇ ಹೋಗಬೇಕು. ಕೈ ಹಚ್ಚುವ ಮುಂಚೆ ಎಷ್ಟು ಮಣ್ಣು ಇಳಿಯಿತು ಎನ್ನುವುದರ ಮೇಲೆಯೇ ಗೀರು ಬೀಳುವುದೂ ಬಿಡುವುದೂ ನಿಂತಿದೆ. ಅವಸರದಲ್ಲಿ ಎಲ್ಲರೂ ಬಿಡುವ ಹಂತವೂ ಇದೇ.

ಒಂದು ಬಕೆಟ್ಟಿಗೆ 10 ಲೀಟರ್ ನೀರು, ಅದಕ್ಕೆ ಬಾಟಲಿಯ ಮೇಲೆ ಹೇಳಿದಷ್ಟು ಶಾಂಪೂ, ಸಾಮಾನ್ಯವಾಗಿ 15ರಿಂದ 30 ಮಿಲಿ, ಅಂದರೆ ಒಂದೆರಡು ಮುಚ್ಚಳ. ಅಂದಾಜಿಗೆ ಸುರಿಯಬೇಡಿ. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛವಾಗುವುದಿಲ್ಲ, ತೊಳೆದು ತೆಗೆಯಲು ಹೆಚ್ಚು ನೀರು ಬೇಕಾಗುತ್ತದೆ, ಉಳಿದದ್ದು ಗಾಜಿನ ಮೇಲೆ ಗೆರೆ ಬಿಡುತ್ತದೆ. ಇನ್ನೊಂದು ಬಕೆಟ್ಟಿನಲ್ಲಿ ಬರೀ ನೀರು. ಗ್ಲೌಸನ್ನು ಶಾಂಪೂ ನೀರಲ್ಲಿ ಅದ್ದಿ ಅರ್ಧ ಬಾನೆಟ್‌ನಷ್ಟು ಜಾಗ ಒರೆಸಿ, ಬರೀ ನೀರಲ್ಲಿ ಜಾಲಿಸಿ ಹಿಂಡಿ, ಮತ್ತೆ ಶಾಂಪೂಗೆ. ನೇರ ಗೆರೆಯಲ್ಲಿ ಎಳೆಯಿರಿ, ಸುತ್ತಬೇಡಿ. ಗ್ಲೌಸಿನ ಭಾರವೇ ಸಾಕು, ಒತ್ತುವುದು ಬೇಡ. ರೂಫ್, ಗಾಜು, ಬಾನೆಟ್, ಡಿಕ್ಕಿ, ಡೋರಿನ ಮೇಲರ್ಧ, ಆಮೇಲೆ ಬಂಪರ್, ಕಟ್ಟಕಡೆಗೆ ಡೋರಿನ ಕೆಳಭಾಗ. ಟೈರು ಚಿಮ್ಮಿಸಿದ ಮರಳೆಲ್ಲ ಇರುವುದು ಆ ಕೆಳಗಿನ ಒಂದಡಿಯಲ್ಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಂದೊಂದು ಭಾಗ ಮುಗಿದ ಕೂಡಲೇ ನೀರು ಹಾಕಿ, ಶಾಂಪೂ ಮೈಮೇಲೆ ಒಣಗಬಾರದು.

ಕೊನೆಯ ನೀರಿಗೆ ಪೈಪಿನ ನಾಜಲ್ ತೆಗೆದು, ರೂಫಿನ ಮೇಲಿಂದ ನಿಧಾನಕ್ಕೆ ಹರಿಯಬಿಡಿ. ವ್ಯಾಕ್ಸ್ ಇರುವ ಕಡೆ ನೀರು ಒಟ್ಟುಗೂಡಿಕೊಂಡು ಜಾರಿಹೋಗಿ, ಒರೆಸಲು ಅರ್ಧಕ್ಕರ್ಧ ಕಡಿಮೆ ಉಳಿಯುತ್ತದೆ. ಟವೆಲ್ಲನ್ನು ಹಾಸಿ ಮೆಲ್ಲಗೆ ಎಳೆಯಿರಿ. ಕೆಳಗೆ ಬಿದ್ದ ಟವೆಲ್ ಆ ದಿನಕ್ಕೆ ನಿವೃತ್ತಿ. ಕೊಡವಿದರೆ ಮರಳು ಹೋಗುವುದಿಲ್ಲ. ಕನ್ನಡಿಯ ಹಿಂದೆ, ಪೆಟ್ರೋಲ್ ಮುಚ್ಚಳದೊಳಗೆ, ಡೋರಿನ ಅಂಚಿನಲ್ಲಿ ಅಡಗಿದ ನೀರು ಆಮೇಲೆ ಇಳಿದು ಗೆರೆ ಬಿಡುತ್ತದೆ, ಅಲ್ಲೂ ಒರೆಸಿ. ಟವೆಲ್ ಒಗೆಯುವಾಗ ಲಿಕ್ವಿಡ್ ಡಿಟರ್ಜೆಂಟ್ ಸಾಕು. ಬಟ್ಟೆ ಮೆತ್ತಗಾಗಿಸುವ ಫ್ಯಾಬ್ರಿಕ್ ಕಂಡಿಷನರ್ ಹಾಕಿದರೆ ಎಳೆಗಳ ಮೇಲೆ ಜಿಡ್ಡು ಕೂತು ಟವೆಲ್ ನೀರು ಹೀರುವುದನ್ನೇ ಬಿಡುತ್ತದೆ.

ಹೊಸದಾಗಿ ವ್ಯಾಕ್ಸ್ ಹಚ್ಚಿದ ಮೇಲೆ ಒಂದು ದಿನವಾದರೂ ಶಾಂಪೂ ಮುಟ್ಟಿಸಬೇಡಿ. ತಿಂಗಳಿಗೊಮ್ಮೆ, ಒರೆಸುವ ಮುಂಚೆ ಒದ್ದೆ ಮೈಮೇಲೆ ಒಂದೊಂದು ಭಾಗಕ್ಕೆ ಎರಡು ಪಿಚಕಾರಿಯಷ್ಟು ಸ್ಪ್ರೇ ವ್ಯಾಕ್ಸ್ ಹೊಡೆದು ಒರೆಸಿಕೊಂಡರೆ ಕೆಳಗಿನ ವ್ಯಾಕ್ಸಿನ ಆಯುಸ್ಸು ಹೆಚ್ಚುತ್ತದೆ.

ಪ್ರಶ್ನೆ: ಬೋರ್‌ವೆಲ್ ನೀರಲ್ಲಿ ತೊಳೆದ ಮೇಲೆ ಬಿಳಿ ಚುಕ್ಕೆ ನಿಲ್ಲುತ್ತವೆ. ವ್ಯಾಕ್ಸ್ ಮಾಡಿಸಿದ ಮೇಲೆ ಇನ್ನೂ ಎದ್ದು ಕಾಣುತ್ತಿವೆ.
– ಕೋಲಾರ

ಉತ್ತರ: ವ್ಯಾಕ್ಸ್ ಮಾಡಿಸಿದ ಮೇಲೆ ಹೆಚ್ಚು ಕಾಣುವುದು ಸಹಜ. ನೀರು ಗುಂಡನೆಯ ಹನಿಯಾಗಿ ನಿಲ್ಲುತ್ತದೆ, ಆರಿದಾಗ ಅದರಲ್ಲಿದ್ದ ಸುಣ್ಣದಂಶವೆಲ್ಲ ಒಂದೇ ಚುಕ್ಕೆಯಲ್ಲಿ ಕೂರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600. ಆಳದ ಬೋರಿನ ನೀರು ಎಷ್ಟೋ ಕಡೆ ಇದನ್ನು ಮೀರುತ್ತದೆ.

ಪೂರ್ತಿ ಕಾರಿಗೆ ಮೆದು ನೀರು ಬೇಕಿಲ್ಲ, ಕೊನೆಯ ಐದು ಲೀಟರ್ ಮೆದುವಾಗಿದ್ದರೆ ಸಾಕು. ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಖನಿಜಾಂಶ ಇಲ್ಲವೆನ್ನುವಷ್ಟು ಕಡಿಮೆ, ಬಕೆಟ್ಟಿಟ್ಟು ಹಿಡಿದುಕೊಳ್ಳಿ. ಸೋಸಿದ ಮಳೆನೀರೂ ಆದೀತು. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಮಾತ್ರ ಕೊನೆಗೆ ಬಳಸಬೇಡಿ. ಉಪ್ಪಿನಂಶವೆಲ್ಲ ಗಟ್ಟಿಯಾಗಿರುವುದೇ ಅದರಲ್ಲಿ. ಚಕ್ರಕ್ಕೆ, ಮಡ್‌ಗಾರ್ಡಿನ ಒಳಗೆ ಬಳಸಬಹುದು.

ಈಗಾಗಲೇ ಕೂತ ಚುಕ್ಕೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಅದರಲ್ಲಿ ಬಟ್ಟೆ ಅದ್ದಿ ಚುಕ್ಕೆಯ ಮೇಲೆ ಒಂದು ನಿಮಿಷ ಇಡಿ, ತಿಕ್ಕದೆ ನೀರು ಹಾಕಿ. ಆ ಜಾಗದ ವ್ಯಾಕ್ಸ್ ಕ್ಷೀಣಿಸುತ್ತದೆ, ಅಲ್ಲಿಗಷ್ಟೇ ಮತ್ತೆ ಹಚ್ಚಿ. ವಾರಗಟ್ಟಲೆ ಬಿಸಿಲು ಕಂಡ ಚುಕ್ಕೆ ಪೇಂಟಿನ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟನ್ನೇ ಕೊರೆದಿದ್ದರೆ ವಿನೆಗರ್‌ಗೆ ಜಗ್ಗದು, ಪಾಲಿಶ್ ಮಾಡಿಸಬೇಕು. ಆದರೆ ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ಅಷ್ಟು ತೆಳುವಾಗಿ ತೇಯುವುದು. ಅದು ಇರುವುದೇ ಸುಮಾರು 40-50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಹಾಗಾಗಿ ಪ್ರತಿ ಸರ್ವಿಸ್‌ಗೂ ‘ರಬ್ಬಿಂಗ್ ಪಾಲಿಶ್ ಮಾಡಿಬಿಡ್ತೀವಿ ಸಾರ್’ ಎಂದರೆ ಬೇಡವೆನ್ನಿ.

ಪ್ರಶ್ನೆ: ಬೆಂಗಳೂರಲ್ಲಿ ಬೇಸಿಗೆಗೆ ಕಾರು ತೊಳೆದರೆ ದಂಡ ಎನ್ನುತ್ತಾರೆ. ಒದ್ದೆ ಬಟ್ಟೆಯಲ್ಲಿ ದಿನಾ ಒರೆಸಿದರೆ ವ್ಯಾಕ್ಸ್ ಉಳಿಯುತ್ತದೆಯೇ?
– ಯಲಹಂಕ

ಉತ್ತರ: ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿತ್ತು, 2025ರ ಫೆಬ್ರವರಿಯಲ್ಲೂ ಅದೇ ಆದೇಶ ಹೊರಟಿತು. ಪೈಪು ಬಿಟ್ಟು ತೊಳೆದರೆ ಇನ್ನೂರು ಲೀಟರ್ ಸಲೀಸಾಗಿ ಹೋಗುತ್ತದೆ; ಆದೇಶದಲ್ಲಿ ಅನ್ಯಾಯವೇನಿಲ್ಲ.

ಒಂದೇ ಬಟ್ಟೆ, ಒಂದೇ ಅರ್ಧ ಬಕೆಟ್ ನೀರು, ಅದರಲ್ಲೇ ಹತ್ತು ಕಾರು ಒರೆಸುವ ಪದ್ಧತಿ ಇದೆಯಲ್ಲ, ವ್ಯಾಕ್ಸಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಒಂಬತ್ತು ಕಾರಿನ ಮರಳು ನಿಮ್ಮ ಕಾರಿಗೆ ಬರುತ್ತದೆ. ಬಾನೆಟ್ ಮೇಲೆ ಬರೀ ಧೂಳು ಕೂತಿದ್ದರೆ ದಿನಾ ಒರೆಸದೆ ಬಿಟ್ಟುಬಿಡಿ, ಗಾಜು ಮಾತ್ರ ಒರೆಸಿಸಿ.

ವಾರಕ್ಕೊಮ್ಮೆ ರಿನ್ಸ್‌ಲೆಸ್ ವಾಶ್ ಮಾಡಿ. ಇದು ಆಮೇಲೆ ನೀರು ಹಾಕಿ ತೊಳೆಯಬೇಕಿಲ್ಲದ ಬೇರೆ ದ್ರಾವಣ. ಸಾಮಾನ್ಯ ಶಾಂಪೂವನ್ನು ಹೀಗೆ ಬಳಸಲಾಗದು. ಈ ಬಗೆಯ ಹಲವು ದ್ರಾವಣಗಳ ಅಳತೆ ಒಂದಕ್ಕೆ 256 ಪಾಲು ನೀರು. 5 ಲೀಟರಿಗೆ 20 ಮಿಲಿ ಎಂದಿಟ್ಟುಕೊಳ್ಳಿ. ಅದೇ ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ ಮೊದಲು ಆ ಭಾಗವನ್ನೆಲ್ಲ ನೆನೆಸಿ, ಒಂದು ನಿಮಿಷ ಬಿಡಿ. ಆರೆಂಟು ಮೈಕ್ರೋಫೈಬರ್ ಬಟ್ಟೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿರಿ. ಒಂದನ್ನು ತೆಗೆದು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ. ಒಂದು ಮುಖ ಒಂದೇ ಎಳೆತಕ್ಕೆ, ಎಂಟೂ ಮುಗಿದರೆ ಆ ಬಟ್ಟೆ ಪಕ್ಕಕ್ಕೆ, ಮತ್ತೆ ಬಕೆಟ್ಟಿಗೆ ಹಾಕಬೇಡಿ. ಒರೆಸಿದ ಭಾಗವನ್ನು ಕೂಡಲೇ ಒಣ ಟವೆಲ್ಲಿನಲ್ಲಿ ಒರೆಸಿ. ಐದಾರು ಲೀಟರಿನಲ್ಲಿ ಕಾರು ಮುಗಿಯುತ್ತದೆ, ವ್ಯಾಕ್ಸೂ ಇದ್ದ ಹಾಗೇ ಇರುತ್ತದೆ. ಕೆಸರು ಮೆತ್ತಿದ ಕಾರಿಗೆ ಮಾತ್ರ ಈ ವಿದ್ಯೆ ಬೇಡ.

ಪ್ರಶ್ನೆ: ಆಯುಧಪೂಜೆಗೆ ಹಚ್ಚಿದ ಅರಿಶಿನ ಕುಂಕುಮದ ಕಲೆ ಬಿಳಿ ಕಾರಿನ ಮೇಲೆ ಉಳಿದುಬಿಡುತ್ತದೆ. ಸೋಪು ಹಾಕಿ ಉಜ್ಜಿದರೆ ಅರಿಶಿನ ಕೆಂಪಗಾಗುತ್ತದೆ!
– ಮೈಸೂರು

ಉತ್ತರ: ಆರತಿ ತಟ್ಟೆಯ ನೀರಿಗೆ ಅರಿಶಿನದ ಜೊತೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಇದೂ ಅದೇ. ಅರಿಶಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಬಣ್ಣ ಬದಲಿಸುತ್ತದೆ. ಎಂದರೆ ನೀವು ಬಳಸುವ ಸೋಪು ಕ್ಷಾರವುಳ್ಳದ್ದು, ವ್ಯಾಕ್ಸಿಗೆ ಒಗ್ಗದ್ದು ಎಂದು ಅರಿಶಿನವೇ ತೋರಿಸಿಕೊಟ್ಟಿದೆ.

ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ವ್ಯಾಕ್ಸ್ ಹಚ್ಚಿಡಿ. ಬಣ್ಣ ಅದರ ಮೇಲೆ ಕೂರುತ್ತದೆ, ಪೇಂಟಿಗೆ ಇಳಿಯುವುದಿಲ್ಲ. ಅರಿಶಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸದೆ ನೀರಿನಲ್ಲಿ ಕಲಸಿ, ಗಾಜಿನ ಮೇಲೆ ಇಟ್ಟರೆ ಇನ್ನೂ ವಾಸಿ. ಪೂಜೆಯಾದ ದಿನ ಸಂಜೆಯೇ ನೀರು ಹಾಕಿ ಇಳಿಸಿ. ಒಣ ಪುಡಿಯನ್ನು ಬಟ್ಟೆಯಲ್ಲಿ ಒರೆಸಿದರೆ ಬಣ್ಣವೂ ಹರಡುತ್ತದೆ, ಗೀರೂ ಬೀಳುತ್ತದೆ. ಉಳಿದ ಹಳದಿ ಛಾಯೆಗೆ ಏನೂ ಮಾಡಬೇಡಿ, ಕಾರನ್ನು ಬಿಸಿಲಿಗೆ ನಿಲ್ಲಿಸಿ. ಕರ್ಕ್ಯುಮಿನ್ ಬಿಸಿಲಿಗೆ ತಾನಾಗಿ ಮಾಸುತ್ತದೆ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣವಿದ್ದರೆ ಅಷ್ಟು ಸುಲಭವಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಸಮಪಾಲು ನೀರು ಬೆರೆಸಿ ಆ ಜಾಗಕ್ಕಷ್ಟೇ ಒತ್ತಿ ತೆಗೆದು, ವ್ಯಾಕ್ಸ್ ಮತ್ತೆ ಹಚ್ಚಿ.

ಕುಂಕುಮಕ್ಕಿಂತ ಹಟಮಾರಿ ಎಂದರೆ ಬಾಳೆಕಂದು. ಕಡಿದ ಕಡೆಯಿಂದ ಸೋರುವ ರಸ ಗಾಳಿಗೆ ಕಂದಾಗುತ್ತದೆ, ಬಟ್ಟೆಗೆ ತಾಗಿದರೆ ಹೋಗುವುದೇ ಇಲ್ಲ ಎಂದು ಎಲ್ಲರಿಗೂ ಗೊತ್ತು. ಬುಡಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿ. ಕರ್ಪೂರದ ತಟ್ಟೆ ಕೈಯಲ್ಲೇ ಇರಲಿ, ಬಾನೆಟ್ ಮೇಲೆ ಬೇಡ. ಬೆಂದ ಪೇಂಟಿಗೆ ಯಾವ ವ್ಯಾಕ್ಸೂ ಮದ್ದಲ್ಲ. ಚಕ್ರದಡಿಯ ನಿಂಬೆಹಣ್ಣಿನಿಂದ ತೊಂದರೆಯೇನಿಲ್ಲ.

ಪ್ರಶ್ನೆ: ಗಣಿ ರಸ್ತೆಯ ಕೆಂಪು ಧೂಳು ಒಂದೇ ದಿನಕ್ಕೆ ಕೂರುತ್ತದೆ. ಕಾರ್ ಡಸ್ಟರ್‌ನಲ್ಲಿ ಕೊಡವಿದರೆ ಸಾಕೇ?
– ಸಂಡೂರು

ಉತ್ತರ: ಖಂಡಿತ ಬೇಡ. ಅದು ಹೆಮಟೈಟ್ ಅದಿರಿನ ಪುಡಿ, ಪೇಂಟಿಗಿಂತ ಎಷ್ಟೋ ಗಡಸು. ಒಣಗಿದ್ದಾಗ ಏನೂ ತಾಗಿಸಬೇಡಿ, ನೀರೇ ಇಳಿಸಬೇಕು. ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿ ನೋಡಿ. ಬರಿಗೈಗೆ ತಿಳಿಯದ ತರಿ ಕವರಿನ ಮೂಲಕ ಸ್ಪಷ್ಟ ತಿಳಿಯುತ್ತದೆ. ತರಿ ಇದ್ದರೆ ಅದನ್ನು ಎಳೆದು ತೆಗೆಯುವ ಜೇಡಿಯಂಥ ಮುದ್ದೆ, ಕ್ಲೇ ಬಾರ್ ಬೇಕು. ಅದು ವ್ಯಾಕ್ಸನ್ನೂ ಎಬ್ಬಿಸುತ್ತದೆ, ಆದ್ದರಿಂದ ಹೊಸ ವ್ಯಾಕ್ಸ್ ಹಚ್ಚುವ ದಿನ ಮಾತ್ರ ಮಾಡಿ.

ಪ್ರಶ್ನೆ: ವಾಟರ್ ಸರ್ವಿಸ್‌ನವರು ಫೋಮ್ ಹೊಡೆದು ಪ್ರೆಶರ್‌ನಲ್ಲಿ ತೊಳೆಯುತ್ತಾರೆ. ಪ್ರೆಶರ್‌ಗೆ ವ್ಯಾಕ್ಸ್ ಹೋಗುತ್ತದಾ?
– ಬೆಳಗಾವಿ

ಉತ್ತರ: ತಣ್ಣೀರಿನ ಪ್ರೆಶರ್‌ಗೆ ಹೋಗದು, ನಾಜಲ್ ಒಂದಡಿ ದೂರವಿದ್ದು ನೀರು ಬೀಸಣಿಗೆಯಂತೆ ಹರಡಿ ಬರುತ್ತಿದ್ದರೆ ಸರಿ. ಸೂಜಿಯಂತೆ ಬರುವ ಧಾರೆ ಕಲ್ಲೇಟು ಬಿದ್ದ ಜಾಗದ ಪೇಂಟನ್ನು ಎಬ್ಬಿಸಬಹುದು. ಚಿಂತೆ ಇರುವುದು ಫೋಮಿನದು. ಕೈ ಹಚ್ಚದೆ ಕೆಸರು ಬಿಡಿಸಲೆಂದು ಕಟುವಾದ ಕ್ಷಾರದ ಫೋಮ್ ಬಳಸುವವರಿದ್ದಾರೆ, ಲಾರಿಗೂ ಅದೇ, ಕಾರಿಗೂ ಅದೇ. ಪಿಎಚ್ ಪೇಪರಿನ ಒಂದು ಚೂರನ್ನು ಫೋಮಿಗೆ ತಾಗಿಸಿ ನೋಡಿ. ಕಡುನೀಲಿಗೆ ತಿರುಗಿದರೆ ನಿಮ್ಮ ಶಾಂಪೂ ಬಾಟಲಿಯನ್ನೇ ಕೊಟ್ಟು ತೊಳೆಸಿ. ಬೇಡವೆನ್ನುವವರು ಕಡಿಮೆ, ಅವರಿಗೂ ಸೋಪು ಉಳಿಯಿತಲ್ಲ.

ಪ್ರಶ್ನೆ: ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯೇ ತೊಳೆಯುತ್ತದೆ. ಮತ್ತೆ ನಾವು ತೊಳೆಯಬೇಕೇ?
– ಕುಂದಾಪುರ

ಉತ್ತರ: ಬೇಕು. ಮಳೆ ಮೇಲಿನ ಧೂಳನ್ನು ಇಳಿಸಬಹುದು, ಹೆದ್ದಾರಿಯ ಕೆಸರು ಡೋರಿನ ಕೆಳಗೆ, ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡೇ ಇರುತ್ತದೆ. ಕಡಲ ಗಾಳಿಯ ಉಪ್ಪೂ ಅದರೊಳಗೆ ಸೇರಿರುತ್ತದೆ. ಹತ್ತು ದಿನಕ್ಕೊಮ್ಮೆ, ಮಳೆ ಬಿಟ್ಟ ಹೊತ್ತಲ್ಲಿ ಶಾಂಪೂ ಹಾಕಿ ತೊಳೆಯಿರಿ. ಅಡಿಭಾಗಕ್ಕೂ ನೀರು ಬಿಡಿ. ಮೇ ಕೊನೆಯಲ್ಲೊಮ್ಮೆ ಸೀಲೆಂಟ್ ಹಚ್ಚಿದರೆ ಮಳೆಗಾಲದ ಹೆಚ್ಚಿನ ಭಾಗ ತಡೆಯುತ್ತದೆ. ಕಿಟಕಿಯ ರಬ್ಬರಿನ ಮೇಲೆ ಪಾಚಿ ಬಂದರೆ ಶಾಂಪೂ ನೀರಲ್ಲಿ ಅದ್ದಿದ ಹಳೇ ಟೂತ್‌ಬ್ರಷ್ ಸಾಕು, ಆಸಿಡ್ ಬೇಡ. ವೈಪರ್ ಕೆಳಗಿನ ಜಾಲರಿಯಲ್ಲಿ ಕೊಳೆತ ಎಲೆ, ಡೋರಿನ ಅಡಿಯಲ್ಲಿ ನೀರು ಇಳಿಯುವ ತೂತು, ಇವೆರಡನ್ನೂ ಅದೇ ದಿನ ಬಿಡಿಸಿಕೊಳ್ಳಿ. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ. ಒಳಗಿನ ತೇವ ಆರುವುದಿಲ್ಲ, ಗಾಳಿಗೆ ಕವರ್ ಅಲುಗಾಡಿದಂತೆಲ್ಲ ರೂಫಿನ ವ್ಯಾಕ್ಸನ್ನು ಅದೇ ಉಜ್ಜಿ ತೆಗೆಯುತ್ತದೆ.